ಅಜ್ಜನ ಪೆಟ್ಟಿಗೆಯ ಊರು

ಸುಳ್ಳು ಹೇಳುವವನು ಮೊದಲು ಮನೆಯ ಕಿಟಕಿ ಮುಚ್ಚಿರಬೇಕು. ಊರಿನ ಅರ್ಧ ಬಾಗಿಲುಗಳನ್ನು ಭದ್ರ ಮಾಡಿಕೊಟ್ಟ ಬೀಗದಣ್ಣನಿಗೆ ಇಷ್ಟು ಸಾಮಾನ್ಯ ಜ್ಞಾನ ಇಲ್ಲದೆ ಹೋದದ್ದೇ ಈ ಕಥೆಗೆ ಮೂಲ.

ಬೀಗದಣ್ಣನ ರಿಪೇರಿ ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಒಂದು ಮೇಜು, ಕೀಲಿಯನ್ನು ಕಚ್ಚಿ ಹಿಡಿಯುವ ಒಂದು ವೈಸು, ಗೋಡೆಯ ತುಂಬ ಮೊಳೆಗೆ ತೂಗುಬಿಟ್ಟ ಕೀಲಿಗಳು. ಅಂಗಿಯ ಜೇಬಿನಲ್ಲಿ ಬೇರೆಯವರು ಪೆನ್ನು ಇಡುವ ಜಾಗದಲ್ಲಿ ಕೀಲಿಯ ಹಲ್ಲು ಉಜ್ಜುವ ಅವನದೊಂದು ಸಣ್ಣ ಅರ. ಕೆಲಸದಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಅದರಲ್ಲೂ ಹಳೆಯ ಪೆಟ್ಟಿಗೆಯ ಬೀಗದ ಸುತ್ತ ಹೆಬ್ಬೆರಳು ಆಡಿಸಿ, "ಇದು ಒಂದು ಕೈ ದಾಟಿದೆ, ಇದು ಎರಡು" ಎಂದು ಜಾತಕ ಹೇಳುವುದರಲ್ಲಿ ಎತ್ತಿದ ಕೈ. ಹಳೇ ಸಾಮಾನಿನ ವ್ಯಾಪಾರಿಗಳು ಪೆಟ್ಟಿಗೆ ಮಾರುವ ಮುಂಚೆ ಅದರ ಬೀಗ ಬದಲಾಯಿಸಲೇಬೇಕು. ಮೊದಲ ಯಜಮಾನನ ಹತ್ತಿರ ಇನ್ನೊಂದು ಕೀಲಿ ಉಳಿದಿದ್ದರೆ ಕೊಂಡವನ ಗತಿ ಏನು? ಹಳೆಯ ಸ್ಕ್ರೂ ತೂತುಗಳಿಗೆ ಗೋಂದು, ಮರದ ಪುಡಿ ತುಂಬಿ ಮೇಲೆ ಬಣ್ಣ ಬಳಿದುಬಿಟ್ಟರೆ ಕಣ್ಣಿಗೆ ಕಾಣುವುದಿಲ್ಲ. ಹೆಬ್ಬೆರಳಿಗೆ ಕಾಣುತ್ತದೆ. ವಾರಕ್ಕೆ ಎರಡಾದರೂ ಇಂಥ ಕೆಲಸ ಅವನ ಕೈಯಿಂದಲೇ ಆಗುತ್ತಿತ್ತು.

ಆ ಬೀದಿಯವರೆಲ್ಲ ಹಡಗು ಹತ್ತಿ ಬಂದವರ ಮಕ್ಕಳು, ಮೊಮ್ಮಕ್ಕಳು. ಎದುರಿನ ಕನ್ನಡಕದ ಅಂಗಡಿಯವರು ಆ ವರ್ಷ ಹಳೇ ದೇಶಕ್ಕೆ ಹೋಗಿ ತಮ್ಮ ಅಜ್ಜನ ಊರನ್ನು ಪತ್ತೆ ಮಾಡಿ ಬಂದಿದ್ದರು. ಒಂದು ಮರದ ಕೆಳಗೆ ಬೂಟು ಹಾಕಿಕೊಂಡು ನಿಂತ ಫೋಟೋ ಅಂಗಡಿಯ ಗಾಜಿನ ಮೇಲೆ ಅಂಟಿಸಿದ್ದರು. "ಈ ಮರದ ಕೆಳಗೇ ನಮ್ಮಜ್ಜ ಆಡಿ ಬೆಳೆದಿದ್ದು" ಎನ್ನುತ್ತಿದ್ದರು. ಮರಕ್ಕೆ ನೋಡಿದರೆ ಇಪ್ಪತ್ತು ವರ್ಷ ಆಗಿರಲಿಕ್ಕಿಲ್ಲ. ಆದರೆ ಕನ್ನಡಕದವರಿಗೆ ಕಣ್ಣು ಕಾಣುವುದಿಲ್ಲ ಎಂದು ಹೇಳುವವರು ಯಾರು?

ಒಂದು ಸಂಜೆ ಅವರು ಬೀದಿ ದಾಟಿ ಬಂದು ಕೇಳಿದರು. "ನಿಮ್ಮದು ಯಾವೂರು ಅಂತ ಇನ್ನೂ ಗೊತ್ತಾಗ್ಲಿಲ್ವಾ? ಪಾಪ."

ಆ "ಪಾಪ" ಬೀಗದಣ್ಣನ ಎದೆಗೆ ನಾಟಿತು.

"ಗೊತ್ತಾಗದೆ ಏನು? ಗೊತ್ತಾಗಿದೆ. ಎಲ್ಲರ ಹತ್ರ ಹೇಳ್ಕೊಂಡು ತಿರುಗೋ ಅಭ್ಯಾಸ ಇಲ್ಲ ನಮಗೆ" ಎಂದುಬಿಟ್ಟ.

ಕನ್ನಡಕದವರು ಹೋದರು. ಆದರೆ ಕಿಟಕಿ ತೆರೆದಿತ್ತು. ಕಿಟಕಿಯ ಒಳಗಿನ ಮಂಚದಿಂದ ಅತ್ತೆಯ ಧ್ವನಿ ಬಂತು. "ಗೊತ್ತಾಯ್ತೇನೋ? ನಿಜವಾಗ್ಲೂ? ನಮ್ಮಪ್ಪನ ಊರು?"

ಅತ್ತೆ ಎಂದರೆ ಬೀಗದಣ್ಣನ ಅಪ್ಪನ ಅಕ್ಕ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವರು. ವಯಸ್ಸು ಎಪ್ಪತ್ತೆಂಟು, ಆ ವರ್ಷ ಎದೆಯಲ್ಲಿ ಏನೋ ತೊಂದರೆ ಎಂದು ಡಾಕ್ಟರು ಮೆಟ್ಟಿಲು ಹತ್ತಬೇಡಿ ಎಂದಿದ್ದರು. ಜನಗಣತಿ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತೆಯಾಗಿದ್ದು, ಲಕ್ಷಾಂತರ ಜನರ ನಮೂನೆಗಳಲ್ಲಿ "ಪೂರ್ವಿಕರ ಊರು" ಎಂಬ ಕಲಮನ್ನು ದುಂಡು ಅಕ್ಷರದಲ್ಲಿ ತುಂಬಿದ್ದರು. ಅವರ ಸ್ವಂತ ನಮೂನೆಯಲ್ಲಿ ಮಾತ್ರ ಅಲ್ಲೊಂದು ಗೀಟು. ಅದರ ಕೆಳಗೆ "ಅಲ್ಲಿ ಈಗ ಇರುವ ಸಂಬಂಧಿಕರು" ಎಂಬಲ್ಲಿ ಇನ್ನೊಂದು ಗೀಟು. ಎರಡನ್ನೂ ಪೆನ್ಸಿಲಿನಲ್ಲಿ ಎಳೆದಿದ್ದರು. ಶಾಯಿಯಲ್ಲಿ ಎಳೆದರೆ ಖಾಯಂ ಆಗುತ್ತದೆ ಎಂಬ ಭಯ. ನಿವೃತ್ತಿಯ ದಿನ ಎಲ್ಲರೂ ಕಚೇರಿಯಿಂದ ಗಡಿಯಾರ ತಂದರೆ ಇವರು ಆ ನಮೂನೆ ತಂದಿದ್ದರು.

ಅವರ ಅಪ್ಪ, ಅಂದರೆ ಬೀಗದಣ್ಣನ ಅಜ್ಜ, ತೀರಿಕೊಂಡಾಗ ಅತ್ತೆಗೆ ಆರು ವರ್ಷ. ಊರು ಯಾವುದೆಂದು ಯಾರು ಕೇಳಿದರೂ ಆ ಮನುಷ್ಯ "ಹಡಗು ಹತ್ತಿದೆ, ಇಳಿದೆ" ಎಂದಷ್ಟೇ ಹೇಳುತ್ತಿದ್ದನಂತೆ.

"ಇದೆ ಅತ್ತೆ, ಬರೆದಿಟ್ಟಿದೀನಿ, ಹುಡುಕಿ ಕೊಡ್ತೀನಿ" ಎಂದು ಬೀಗದಣ್ಣ ಒಂದು ಸುಳ್ಳಿಗೆ ಇನ್ನೊಂದನ್ನು ಜೋಡಿಸಿದ.

ಅಡುಗೆಮನೆಯಲ್ಲಿ ಹೆಂಡತಿ ಸೌಟು ಹಿಡಿದೇ ಕೇಳಿದಳು. "ಎಲ್ಲರಿಗೂ ಬೀಗ ಮಾಡಿಕೊಡ್ತೀರ. ನಿಮ್ಮ ಬಾಯಿಗೊಂದು ಮಾಡ್ಕೊಳ್ಳೋಕಾಗಲ್ವಾ?"

"ಈಗೇನು ಮಾಡೋದು ಹೇಳೇ."

"ಹುಡುಕಿ. ಅತ್ತೆ ಬೆಳಿಗ್ಗೆಯಿಂದ ನೋಯ್ತಿದೆ ಅಂತಿದ್ದೋರು ಈಗ ಎದ್ದು ಕೂತು ಶಾಯಿ ಬಾಟಲಿ ಕೇಳ್ತಿದಾರೆ. ಇನ್ನು ಸಿಗಲಿಲ್ಲ ಅಂದ್ರೆ ನಾನಂತೂ ಅವರ ಮುಖ ನೋಡಲಾರೆ."

ಹುಡುಕುವುದಕ್ಕೆ ಮನೆಯಲ್ಲಿ ಇದ್ದದ್ದು ಒಂದೇ ವಸ್ತು. ಅಜ್ಜ ಹಡಗಿನಿಂದ ಹೊತ್ತು ತಂದ ಮರದ ಪೆಟ್ಟಿಗೆ. ಅದು ಅತ್ತೆಯ ಮಂಚದ ಕಾಲುದೆಸೆಯಲ್ಲಿ, ಮೇಲೆ ನಾಲ್ಕು ಕಂಬಳಿ ಹೊತ್ತುಕೊಂಡು, ತಲೆಮಾರಿಗೊಂದು ಬಣ್ಣ ಬಳಿಸಿಕೊಂಡು ಕುಳಿತಿತ್ತು. ಬೀಗದಣ್ಣ ಕಂಬಳಿ ತೆಗೆದು, ಮುಚ್ಚಳವನ್ನು ಕೆರೆಯುತ್ತ ಹೋದ. ನೀಲಿ ಹೋಯಿತು, ಹಸಿರು ಹೋಯಿತು, ಕಂದು ಹೋಯಿತು. ಕೊನೆಗೆ ಕಪ್ಪು ಅಕ್ಷರಗಳು ಎದ್ದವು. ಒಂದು ಊರಿನ ಹೆಸರು, ಒಂದು ಬೀದಿಯ ಹೆಸರು, ಮನೆ ನಂಬರು ಹದಿನೇಳು.

ಸುಳ್ಳು ತಾನಾಗಿ ನಿಜವಾದದ್ದನ್ನು ಬೀಗದಣ್ಣ ಜೀವಮಾನದಲ್ಲಿ ಅದೇ ಮೊದಲು ನೋಡಿದ್ದು. ಅತ್ತೆ ಆ ಹೆಸರನ್ನು ಬೆರಳಿಟ್ಟು ಮೂರು ಸಲ ಓದಿದರು. ಕಣ್ಣು ಒದ್ದೆಯಾಯಿತು. ಆದರೆ ಮೂವತ್ತನಾಲ್ಕು ವರ್ಷದ ಗುಮಾಸ್ತೆ ಅಷ್ಟು ಸುಲಭಕ್ಕೆ ಶಾಯಿ ಮುಟ್ಟುವವರಲ್ಲ.

"ಪೆಟ್ಟಿಗೆ ಮೇಲೆ ಇದ್ರೆ ಸಾಲದು. ಅಲ್ಲಿಂದ ಸಹಿ, ಮೊಹರು ಬರಬೇಕು. ಆಮೇಲೆ ಬರೀತೀನಿ" ಎಂದರು.

ಬೀಗದಣ್ಣ ಆ ಊರಿನ ಪುರಸಭೆಗೆ ಕಾಗದ ಬರೆದ. ಉತ್ತರ ಎಷ್ಟು ಬೇಗ ಬಂತೆಂದರೆ ಅವರು ಕಾಗದ ಬರುವ ಮುಂಚೆಯೇ ಬರೆದಿಟ್ಟಿದ್ದರೋ ಎಂಬ ಅನುಮಾನ ಬರುವಂತಿತ್ತು. "ಹದಿನೇಳನೇ ಮನೆಯಿಂದ ನೂರು ವರ್ಷದ ಹಿಂದೆ ಇಂಥದೇ ಪೆಟ್ಟಿಗೆ ಹಿಡಿದು ಒಬ್ಬ ಯುವಕ ಹೊರಟದ್ದು ಊರಿಗೆಲ್ಲ ಗೊತ್ತಿರುವ ವಿಷಯ. ತಾವು ತಕ್ಷಣ ಬರಬೇಕು. ಪೆಟ್ಟಿಗೆ ತಪ್ಪದೆ ತರಬೇಕು. ಇಲ್ಲಿ ಕಾಯುವವರಿದ್ದಾರೆ."

ಹೀಗೆ ಬೀಗದಣ್ಣ ಒಂಟಿಯಾಗಿ, ಅತ್ತೆಯ ಸೊಂಟದ ಗೊಂಚಲಿನಿಂದ ಬಿಚ್ಚಿಕೊಟ್ಟ ಪೆಟ್ಟಿಗೆಯ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು, ಅಜ್ಜ ಬಂದ ದಾರಿಯಲ್ಲಿ ವಾಪಸು ಹೊರಟ. ಅರವನ್ನು ಪೆಟ್ಟಿಗೆಯೊಳಗೆ ಇಟ್ಟಿದ್ದ. ದಾರಿಯಲ್ಲಿ ಸುಂಕದ ಅಧಿಕಾರಿಯೊಬ್ಬ ಪೆಟ್ಟಿಗೆ ತೆಗೆಸಿ ನೋಡಿದ. ಒಳಗೆ ಎರಡು ಅಂಗಿ, ಒಂದು ಅರ.

"ಇಷ್ಟಕ್ಕೆ ಇಷ್ಟು ದೊಡ್ಡ ಪೆಟ್ಟಿಗೆನಾ?"

"ಪೆಟ್ಟಿಗೇನೇ ಸಾಮಾನು ಸಾರ್. ಅದನ್ನ ಅದರ ಊರಿಗೆ ಕರ್ಕೊಂಡು ಹೋಗ್ತಿದೀನಿ."

ಅಧಿಕಾರಿ ಅವನನ್ನು ಮೇಲಿಂದ ಕೆಳಗೆ ನೋಡಿ ಬೇಗ ಬೇಗ ಮುದ್ರೆ ಒತ್ತಿ ಕಳಿಸಿದ. ಬೀಗದಣ್ಣ ಅಲ್ಲೇ ಅರವನ್ನು ಜೇಬಿಗೆ ಸಿಕ್ಕಿಸಿಕೊಂಡು ಪೆಟ್ಟಿಗೆಗೆ ಬೀಗ ಹಾಕಿದ.

ಆ ಊರಿನ ಬಸ್ ನಿಲ್ದಾಣದಲ್ಲಿ ಪುರಸಭೆಯ ಗುಮಾಸ್ತರು ಕಾದಿದ್ದರು, ಅವರ ಹಿಂದೆ ಮೂವತ್ತು ನಲವತ್ತು ಜನ. ಮಾತೆಲ್ಲ ಬೀಗದಣ್ಣನ ಮನೆಯ ಮಾತೇ, ರಾಗ ಮಾತ್ರ ಸ್ವಲ್ಪ ಬೇರೆ. ಯಾರೂ ಕೈ ಕುಲುಕಲಿಲ್ಲ. ಎಲ್ಲರೂ ಅವನ ಮುಖವನ್ನು ಸಂತೆಯಲ್ಲಿ ಎತ್ತು ನೋಡಿದ ಹಾಗೆ ನೋಡಿದರು.

"ಆ ಕಿವಿ ನೋಡಿ" ಎಂದರು ಒಬ್ಬರು. "ಬಿಟ್ಟು ಓಡಿಹೋಗೋರ ಕಿವಿನೇ ಹಾಗಿರುತ್ತೆ."

ಬೀಗದಣ್ಣ ಕಿವಿ ಮುಟ್ಟಿಕೊಂಡ. ಏನು ಬಿಟ್ಟು, ಯಾರನ್ನು ಬಿಟ್ಟು ಎಂದು ಕೇಳುವ ಮೊದಲೇ ಗುಮಾಸ್ತರು ಅವನನ್ನೂ ಪೆಟ್ಟಿಗೆಯನ್ನೂ ಕಚೇರಿಯ ಮೇಲಿನ ಮಹಡಿಗೆ ಹತ್ತಿಸಿದರು. ಬಾಗಿಲ ಮೇಲೆ "ವಲಸೆ ಹೋದವರ ವಂಶಸ್ಥರ ಸ್ವಾಗತ ವಿಭಾಗ" ಎಂಬ ಫಲಕ. ಒಳಗೆ ಪ್ಲಾಸ್ಟಿಕ್ ಹಾಳೆ ಬಿಚ್ಚದ ಕುರ್ಚಿ, ಒಂದು ದಪ್ಪ ರಿಜಿಸ್ಟರು. ವಿಭಾಗ ತೆರೆದು ಹನ್ನೆರಡು ವರ್ಷವಾಗಿತ್ತು. ರಿಜಿಸ್ಟರಿನ ಮೊದಲ ಪುಟ ಖಾಲಿ ಇತ್ತು. ಇದನ್ನು ಮುಚ್ಚಿಬಿಡೋಣ ಎಂದು ಮೇಲಿನವರು ಪ್ರತಿ ವರ್ಷ ಹೇಳುತ್ತಿದ್ದರೆಂದೂ, ಯಾರಾದರೂ ಬಂದೇ ಬರುತ್ತಾರೆ ಎಂದು ತಾವು ಪ್ರತಿ ವರ್ಷ ಬರೆದು ಕೊಡುತ್ತಿದ್ದುದಾಗಿಯೂ ಗುಮಾಸ್ತರು ಹೇಳಿದರು. ಮೊದಲ ಗಿರಾಕಿ ಕೈತಪ್ಪಬಾರದೆಂದು ಪೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

"ನಿಮ್ಮಜ್ಜ ಎತ್ತರದವರು ಅಲ್ವಾ? ಇಲ್ಲಿಂದ ಹೋಗುವಾಗ ಆರಡಿ ಇದ್ರಂತೆ."

"ಗಿಡ್ಡ ಅಂತ ಅತ್ತೆ ಹೇಳ್ತಾರೆ."

"ವಯಸ್ಸಾದ ಮೇಲೆ ಕುಗ್ಗಿರಬೇಕು."

"ನಲವತ್ತೇಳಕ್ಕೇ ಹೋಗಿಬಿಟ್ರು."

"ಚಿಂತೆ ಸ್ವಾಮಿ. ಪರದೇಶದಲ್ಲಿ ಚಿಂತೆ ಮನುಷ್ಯನ್ನ ಕುಗ್ಗಿಸುತ್ತೆ." ಅವರು ಬರೆದುಕೊಂಡರು. "ಎಡಗೈಯವರು ತಾನೆ?"

"ಬಲಗೈ."

"ಹಡಗಲ್ಲಿ ರೂಢಿ ಆಗಿರುತ್ತೆ. ಆ ಕಡೆ ಈ ಕಡೆ ಓಲಾಡುತ್ತಲ್ಲ."

"ಹೆಸರು ಕೂಡ ಬೇರೇನೇ ಇದ್ದ ಹಾಗಿದೆ" ಎಂದು ಬೀಗದಣ್ಣ ಮೆಲ್ಲಗೆ ಹೇಳಿದ.

"ಹಡಗು ಹತ್ತಿದವರೆಲ್ಲ ಹೆಸರು ಬದಲಾಯಿಸ್ತಿದ್ರು ಸ್ವಾಮಿ. ಬದಲಾಯಿಸದೇ ಇದ್ದಿದ್ರೆ ನನಗೆ ಅನುಮಾನ ಬರ್ತಿತ್ತು."

ಅಷ್ಟರಲ್ಲಿ, ಹಿಂದೆಯೇ ಮಹಡಿ ಹತ್ತಿ ಬಂದಿದ್ದ ಜನ ದಾರಿ ಬಿಟ್ಟರು. ಎಂಬತ್ತಾರು ವರ್ಷದ ಒಬ್ಬ ಅಜ್ಜಿ ಕೋಲೂರಿಕೊಂಡು ಒಳಗೆ ಬಂದು, ಪ್ಲಾಸ್ಟಿಕ್ ಹಾಳೆಯ ಕುರ್ಚಿಯಲ್ಲಿ ಕುಳಿತು, ಪೆಟ್ಟಿಗೆಯನ್ನು ಬಹಳ ಹೊತ್ತು ನೋಡಿದರು. ಮುಚ್ಚಳದ ಅಂಚಿನಲ್ಲಿದ್ದ ಒಂದು ಸುಟ್ಟ ಕಲೆಯನ್ನು ಬೆರಳಿಂದ ಸವರಿದರು.

"ಇದೇ ಪೆಟ್ಟಿಗೆ. ಈ ಕಲೆ ನಮ್ಮಮ್ಮನ ಇಸ್ತ್ರಿಪೆಟ್ಟಿಗೆದು, ಅಮ್ಮ ಹೇಳ್ತಿದ್ದಳು" ಎಂದರು. ಆಮೇಲೆ ಬೀಗದಣ್ಣನ ಕಡೆ ತಿರುಗಿದರು. "ನಿಮ್ಮಜ್ಜ ಎರಡು ವರ್ಷಕ್ಕೆ ಬಂದು ಮದುವೆ ಆಗ್ತೀನಿ ಅಂತ ನಮ್ಮಮ್ಮನಿಗೆ ಮಾತು ಕೊಟ್ಟು ಹೋದ. ಹನ್ನೊಂದು ವರ್ಷ ಕಾದಳು. ಯಾಕಪ್ಪಾ ಬರಲಿಲ್ಲ ಅವನು?"

ನಲವತ್ತು ಜೊತೆ ಕಣ್ಣು ಬೀಗದಣ್ಣನ ಮೇಲೆ. ಅಜ್ಜನ ಬೇರು ಹುಡುಕಲು ಬಂದವನಿಗೆ ಅಜ್ಜ ಕೊಟ್ಟ ಮಾತಿನ ಬೇರು ಕಾಲಿಗೆ ತೊಡರಿತ್ತು.

"ತಪ್ಪಾಯ್ತು ಅಜ್ಜಿ" ಎಂದ.

"ನೀನು ಮಾಡಿದ ತಪ್ಪಾ ಅದು?"

"ಅಲ್ಲ. ಆದ್ರೂ ತಪ್ಪಾಯ್ತು. ಇಷ್ಟು ದಿನಕ್ಕೆ ಬಂದಿರೋನು ನಾನೊಬ್ಬನೇ ಅಲ್ವಾ."

ಅಜ್ಜಿ ಕುತ್ತಿಗೆಯ ದಾರವನ್ನು ಎಳೆದು ಒಂದು ಕೀಲಿ ಹೊರತೆಗೆದರು. "ಎರಡು ಕೀಲಿ ಇತ್ತು, ಅವಳಿ ಜವಳಿ. ಒಂದು ಅವನು ತಗೊಂಡು ಹೋದ, ಒಂದು ಅಮ್ಮನಿಗೆ ಕೊಟ್ಟ. ಅಮ್ಮ ಸಾಯೋವಾಗ ನನ್ನ ಕುತ್ತಿಗೆಗೆ ಹಾಕಿದಳು. ತೆಗೀಲಾ?"

ಬೀಗದಣ್ಣನ ಕೈ ತನ್ನ ಜೇಬಿನ ಕೀಲಿಯ ಮೇಲೆ ಹೋಯಿತು. ಅದಕ್ಕೂ ಅಜ್ಜಿಯ ಕೀಲಿಗೂ ಆನೆಗೂ ಆಡಿಗೂ ಇರುವಷ್ಟು ವ್ಯತ್ಯಾಸ. ಅವನು ಬಗ್ಗಿ, ಐವತ್ತು ವರ್ಷದಲ್ಲಿ ಮೊದಲ ಸಲ, ತನ್ನ ಮನೆಯ ಪೆಟ್ಟಿಗೆಯ ಬೀಗದ ಸುತ್ತ ಹೆಬ್ಬೆರಳು ಆಡಿಸಿದ.

ಒಂದು, ಎರಡು, ಮೂರು, ನಾಲ್ಕು. ಗೋಂದು, ಮರದ ಪುಡಿ ತುಂಬಿದ ನಾಲ್ಕು ತೂತುಗಳು. ಅವುಗಳ ನಡುವೆ ಹಳೆಯ ದೊಡ್ಡ ಬೀಗದ ಗುರುತು.

ಊರವರ ಪೆಟ್ಟಿಗೆಗಳಿಗೆಲ್ಲ ಜಾತಕ ಹೇಳಿದ ಹೆಬ್ಬೆರಳು ಅದು. ಬಂದರಿನ ಯಾವುದೋ ಹಳೇ ಸಾಮಾನಿನ ಅಂಗಡಿಯಲ್ಲಿ ಯಾರೋ ತನ್ನಂಥವನೇ ಬೀಗ ಬದಲಾಯಿಸಿದ್ದಾನೆ. ಅಜ್ಜ ಬರಿಗೈಯಲ್ಲಿ ಬಂದು, ಹಡಗು ಹತ್ತುವ ಮುಂಚೆ ಈ ಪೆಟ್ಟಿಗೆ ಕೊಂಡಿದ್ದಾನೆ. ಮುಚ್ಚಳದ ಮೇಲಿನ ಊರು ಅಜ್ಜನದಲ್ಲ. ಕಲೆ ಅಜ್ಜನದಲ್ಲ. ಮಾತು ಕೊಟ್ಟವನೂ ಅಜ್ಜನಲ್ಲ. ಮಂಚದ ಮೇಲೆ ಶಾಯಿ ಬಾಟಲಿ ಇಟ್ಟುಕೊಂಡು ಕುಳಿತ ಅತ್ತೆಯ ಮುಖ ಅವನ ಕಣ್ಣ ಮುಂದೆ ಬಂತು.

ತಲೆ ಎತ್ತಿದ. ಗುಮಾಸ್ತರು ಪೆನ್ನು ಎತ್ತಿ ಹಿಡಿದು ನಿಂತಿದ್ದರು. ಅಜ್ಜಿಯ ಕೈಯಲ್ಲಿ ಎರಡು ತಲೆಮಾರಿನ ಬೆವರು ಕುಡಿದ ಕೀಲಿ ಕಾಯುತ್ತಿತ್ತು. ಇಂಥ ಹೊತ್ತಿನಲ್ಲಿ ಬುದ್ಧಿವಂತರು ಏನು ಮಾಡುತ್ತಿದ್ದರೋ ತಿಳಿಯದು. ಬೀಗದಣ್ಣ ಬುದ್ಧಿವಂತನಲ್ಲ, ಬರೀ ಒಳ್ಳೆಯ ಕೆಲಸಗಾರ.

"ಕೀಲಿ ತುಕ್ಕು ಹಿಡಿದಿದೆ ಅಜ್ಜಿ. ಹೀಗೇ ಹಾಕಿದ್ರೆ ಮುರಿಯುತ್ತೆ. ಒಂದು ನಿಮಿಷ ಕೊಡಿ, ಉಜ್ಜಿ ಕೊಡ್ತೀನಿ" ಎಂದ.

ಗುಮಾಸ್ತರ ಮೇಜಿನ ಡ್ರಾಯರಿನ ಸಂದಿಗೆ ಕೀಲಿ ಕಚ್ಚಿಸಿ, ಜನಕ್ಕೆ ಬೆನ್ನು ಮಾಡಿ, ಅರ ತೆಗೆದ. ದೊಡ್ಡ ಕೀಲಿಯ ಹಲ್ಲನ್ನು ಸಣ್ಣದಾಗಿ ಇಳಿಸಬಹುದು. ಸಣ್ಣದಿದ್ದರೆ ದೇವರೇ ಗತಿ. ಅವನ ಪುಣ್ಯಕ್ಕೆ ಅಜ್ಜಿಯದು ದೊಡ್ಡದಿತ್ತು. ನಾಲ್ಕು ಸಲ ಅರೆಯುವುದು, ಎಡಗೈಯನ್ನು ಜೇಬಿಗೆ ಹಾಕಿ ತನ್ನ ಕೀಲಿಯ ಹಲ್ಲು ಮುಟ್ಟಿ ನೋಡುವುದು, ಮತ್ತೆ ನಾಲ್ಕು ಸಲ ಅರೆಯುವುದು.

"ಏನು ಸ್ವಾಮಿ, ಪದೇ ಪದೇ ಜೇಬಿಗೆ ಕೈ ಹಾಕ್ತೀರ?" ಎಂದರು ಗುಮಾಸ್ತರು.

"ಬೆವರು. ಒರೆಸ್ಕೋತಿದೀನಿ."

"ಎಷ್ಟು ತುಕ್ಕು ಸ್ವಾಮಿ ಅದು."

"ನೂರು ವರ್ಷದ್ದಲ್ವಾ."

ಕಾಲು ಗಂಟೆಯಾದ ಮೇಲೆ ಕೀಲಿಯನ್ನು ಅಂಗಿಗೆ ಒರೆಸಿ ಅಜ್ಜಿಯ ಕೈಗಿಟ್ಟ. ಅಜ್ಜಿ ಬಗ್ಗಿ ಬೀಗಕ್ಕೆ ಹಾಕಿ ತಿರುಗಿಸಿದರು. ಟಕ್ ಎಂದಿತು. ಜನರೆಲ್ಲ ಒಂದೇ ಉಸಿರು ಬಿಟ್ಟರು. ಗುಮಾಸ್ತರು ಕಣ್ಣೊರೆಸಿಕೊಂಡು ರಿಜಿಸ್ಟರಿನ ಮೊದಲ ಪುಟದಲ್ಲಿ ಬರೆಯತೊಡಗಿದರು. ಕಿವಿಯ ಬಗ್ಗೆ ಹೇಳಿದವರು ಬಂದು "ಹತ್ತಿರದಿಂದ ನೋಡಿದ್ರೆ ಒಳ್ಳೇ ಕಿವಿನೇ" ಎಂದು ಬೆನ್ನು ತಟ್ಟಿದರು.

ಗುಮಾಸ್ತರು ಎಲ್ಲರನ್ನೂ ಫೋಟೋಗೆಂದು ಕೆಳಗೆ ಕರೆದೊಯ್ದಾಗ ಅಜ್ಜಿ, "ನನಗೆ ಮೆಟ್ಟಿಲು ನಿಧಾನ. ಈ ಹುಡುಗ ಕರ್ಕೊಂಡು ಬರ್ತಾನೆ" ಎಂದು ಕುಳಿತೇ ಇದ್ದರು. ಹೆಜ್ಜೆ ಸದ್ದು ಕೆಳಗಿಳಿದ ಮೇಲೆ ಕೇಳಿದರು. "ಎಷ್ಟು ವರ್ಷದಿಂದ ಮಾಡ್ತಿದೀಯ ಈ ಕೆಲಸ?"

"ಯಾವ ಕೆಲಸ ಅಜ್ಜಿ?"

"ತುಕ್ಕು ಉಜ್ಜೋ ಸದ್ದು ಬೇರೆ, ಹಲ್ಲು ಇಳಿಸೋ ಸದ್ದು ಬೇರೆ ಕಣಪ್ಪ. ನಾನು ಬೀಗ ರಿಪೇರಿಯವನ ಮಗಳು. ಆ ಸದ್ದು ಕೇಳ್ಕೊಂಡೇ ಬೆಳೆದೋಳು."

ಬೀಗದಣ್ಣನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಎಲ್ಲವನ್ನೂ ಹೇಳಿದ. ತೂತುಗಳು, ಗೋಂದು, ಬಂದರು, ಕನ್ನಡಕದವರ "ಪಾಪ", ಅತ್ತೆಯ ಪೆನ್ಸಿಲ್ ಗೀಟು, ಯಾವುದನ್ನೂ ಬಿಡಲಿಲ್ಲ. "ನಾವು ನಿಮ್ಮೂರಿನವರೇ ಅಲ್ಲ ಅಜ್ಜಿ. ನಿಮ್ಮ ಕೀಲಿಯನ್ನೂ ಹಾಳು ಮಾಡಿಬಿಟ್ಟೆ" ಎಂದು ತಲೆ ತಗ್ಗಿಸಿದ.

ಅಜ್ಜಿ ನಗತೊಡಗಿದರು. ಭುಜ ಕುಣಿಯುವಷ್ಟು ನಕ್ಕರು. "ಮಾರ್ಕೊಂಡನಾ? ಬಂದರು ದಾಟೋ ಮುಂಚೆನೇ ಮಾರ್ಕೊಂಡನಾ ಪುಣ್ಯಾತ್ಮ? ನಮ್ಮಮ್ಮ ಪ್ರತಿ ವರ್ಷ ಈ ಕೀಲೀನ ಬೀಗದವನ ಅಂಗಡಿಗೆ ತಗೊಂಡು ಹೋಗಿ ಎಣ್ಣೆ ಹಾಕಿಸ್ತಿದ್ದಳು, ಅವನು ಬಂದಾಗ ಸಲೀಸಾಗಿ ತಿರುಗಲಿ ಅಂತ. ಹನ್ನೊಂದು ವರ್ಷ ಬೀಗದವನು ಮಾತಾಡದೆ ಎಣ್ಣೆ ಹಾಕಿಕೊಟ್ಟ. ಹನ್ನೆರಡನೇ ವರ್ಷ, ಕೀಲಿ ಸರಿಯಾಗಿದೆ, ಬೀಗಾನೇ ಬರೋ ಹಾಗೆ ಕಾಣಲ್ಲ, ನನ್ನ ಮದುವೆ ಆಗ್ತೀಯಾ ಅಂದ. ಅವನೇ ನಮ್ಮಪ್ಪ. ಆ ಇನ್ನೊಬ್ಬ ಬಂದಿದ್ದಿದ್ರೆ ನಾನೆಲ್ಲಿರ್ತಿದ್ದೆ?"

"ಹಾಗಾದ್ರೆ ನಿಮಗೆ ಬೇಜಾರಿಲ್ವಾ?"

"ಅಮ್ಮನ ಮೇಲೆ ಇತ್ತು ಬೇಜಾರು. ಸಾಯೋವಾಗ್ಲೂ ಈ ಕೀಲಿ ಕೊಟ್ಟಳಲ್ಲ, ಅಪ್ಪನ್ನ ಬರೀ ಎಣ್ಣೆ ಹಾಕೋನು ಅಂದ್ಕೊಂಡಳಾ ಅಂತ. ಇವತ್ತು ನಿನ್ನ ಸದ್ದು ಕೇಳಿದೆ. ಗೊತ್ತೇ ಇಲ್ಲದ ಮುದುಕಿಗೋಸ್ಕರ ಕಾಲು ಗಂಟೆ ಅರೆದೆಯಲ್ಲ, ಅಪ್ಪನೂ ಹೀಗೇ ಇದ್ದದ್ದು. ಅಮ್ಮ ಈ ಕೀಲಿ ಬಿಡದಿದ್ದದ್ದು ಅಪ್ಪ ಹಾಕಿದ ಎಣ್ಣೆಗೇ ಇರಬೇಕು, ನಾನು ಕೊರಗಬೇಕಾದ್ದು ಏನೂ ಇಲ್ಲ ಅನ್ನಿಸ್ತು."

ಅಜ್ಜಿ ಎದ್ದು ರಿಜಿಸ್ಟರನ್ನು ತಮ್ಮ ಕಡೆ ಎಳೆದುಕೊಂಡರು. "ಸಾಕ್ಷಿ" ಎಂಬ ಕಲಮಿನಲ್ಲಿ ಸಹಿ ಮಾಡಿದರು. ಬೀಗದಣ್ಣ ತಡೆಯಲು ಹೋದ.

"ಸುಳ್ಳಾಗುತ್ತೆ ಅಜ್ಜಿ."

"ಅದು ನಿನಗೂ ನನಗೂ ಗೊತ್ತು. ಆ ಗುಮಾಸ್ತನಿಗೆ ಹೇಳಬೇಡ, ಹನ್ನೆರಡು ವರ್ಷ ಕಾದಿದ್ದಾನೆ. ಕಾಯೋದು ಏನು ಅಂತ ನಮ್ಮ ಮನೇಲಿ ಗೊತ್ತು." ಕೀಲಿಯನ್ನು ಮತ್ತೆ ಕುತ್ತಿಗೆಗೆ ಹಾಕಿಕೊಂಡರು. "ಇದು ಈಗ ನಿಮ್ಮ ಮನೆ ಪೆಟ್ಟಿಗೆ ಕೀಲಿ. ನನ್ನ ಹತ್ರಾನೇ ಇರುತ್ತೆ ಅಂತ ನಿಮ್ಮತ್ತೆಗೆ ಹೇಳು."

ಬೀಗದಣ್ಣ ಪೆಟ್ಟಿಗೆ ಸಮೇತ ಮನೆಗೆ ಬಂದದ್ದು ಒಂದು ಮಧ್ಯಾಹ್ನ. ದಾರಿಯುದ್ದಕ್ಕೂ ಒಂದು ಒಳ್ಳೆಯ ಸುಳ್ಳನ್ನು ಉರು ಹೊಡೆದುಕೊಂಡು ಬಂದಿದ್ದ. ಗುಮಾಸ್ತರು ಮೊಹರು ಒತ್ತಿ ಕೊಟ್ಟ ರಿಜಿಸ್ಟರಿನ ಪ್ರತಿ ಜೇಬಿನಲ್ಲಿತ್ತು. ಅತ್ತೆ ಮಂಚದ ಮೇಲೆ ನಮೂನೆ ಹರಡಿಕೊಂಡು, ಪೆನ್ನಿಗೆ ಶಾಯಿ ತುಂಬಿಸಿಕೊಂಡು, ತಲೆ ಬಾಚಿಕೊಂಡು ಕುಳಿತಿದ್ದರು. ಪ್ರತಿಯನ್ನು ಎರಡು ಸಲ ಓದಿದರು. ಮೊಹರನ್ನು ಬೆಳಕಿಗೆ ಹಿಡಿದು ನೋಡಿದರು.

"ಎಲ್ಲ ಸರಿಯಾಗಿದೆ" ಎಂದರು. "ಬರೀಲಾ?"

ಆ ಮುಖದ ಮುಂದೆ ಸುಳ್ಳು ಬಾಯಿಗೆ ಬರಲಿಲ್ಲ. "ಬೇಡ ಅತ್ತೆ" ಎಂದ ಬೀಗದಣ್ಣ. ನೆಲದ ಮೇಲೆ ಕುಳಿತು, ಮೊದಲಿಂದ ಕೊನೆಯವರೆಗೆ ಹೇಳಿದ. ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು.

ಅತ್ತೆ ಪ್ರತಿಯನ್ನು ಮಡಿಚಿ ಪಕ್ಕಕ್ಕಿಟ್ಟರು. ಆಮೇಲೆ ಪೆನ್ನು ಎತ್ತಿ, "ಪೂರ್ವಿಕರ ಊರು" ಎಂಬುದರ ಮುಂದಿನ ಪೆನ್ಸಿಲ್ ಗೀಟಿನ ಮೇಲೆ ಶಾಯಿಯಲ್ಲಿ ನೇರವಾಗಿ ಗೀಟೆಳೆದರು. ಒಂದು ಹನಿ ಕಣ್ಣೀರು ಕಾಗದದ ಮೇಲೆ ಬೀಳುವಷ್ಟರಲ್ಲಿ ಸೆರಗಿನಲ್ಲಿ ಹಿಡಿದುಕೊಂಡರು. ಶಾಯಿ ಕದಡಬಾರದಲ್ಲ.

"ನಾನು ಮೂವತ್ತನಾಲ್ಕು ವರ್ಷದಲ್ಲಿ ಒಂದೂ ಸುಳ್ಳು ಬರೆದವಳಲ್ಲ" ಎಂದರು. "ಅಜ್ಜಿಗೆ ಎಷ್ಟು ವಯಸ್ಸು ಅಂದೆ?"

"ಎಂಬತ್ತಾರು."

"ನನಗಿಂತ ಎಂಟು ವರ್ಷ ದೊಡ್ಡೋರು. ನಮ್ಮ ಪೆಟ್ಟಿಗೆ ಕೀಲಿ ಅವರ ಕುತ್ತಿಗೇಲಿದೆಯಾ?"

"ಇದೆ ಅತ್ತೆ."

"ನಮ್ಮ ಕೀಲಿ ಕುತ್ತಿಗೇಲಿ ಹಾಕ್ಕೊಂಡೋರು ಹೊರಗಿನವರು ಹೇಗಾಗ್ತಾರೆ?"

ಎರಡನೆಯ ಗೀಟನ್ನು ಅತ್ತೆ ರಬ್ಬರಿನಿಂದ ಅಳಿಸಿದರು. ರಬ್ಬರಿನ ಪುಡಿ ಊದಿದರು. "ಅಲ್ಲಿ ಈಗ ಇರುವ ಸಂಬಂಧಿಕರು" ಎಂಬುದರ ಮುಂದೆ ದುಂಡು ಅಕ್ಷರದಲ್ಲಿ "ಅಕ್ಕ, ಒಬ್ಬರು" ಎಂದು ಬರೆದು, ಆರಲೆಂದು ಕಿಟಕಿಯ ಹತ್ತಿರ ಹಿಡಿದರು.

ಕಿಟಕಿ ತೆರೆದೇ ಇತ್ತು. ಬೀದಿಯ ಆ ಕಡೆಯಿಂದ ಕನ್ನಡಕದವರು ಕೂಗಿ ಕೇಳಿದರು. "ಏನಮ್ಮಾ, ಕೊನೆಗೂ ಊರು ಸಿಕ್ತಾ?"

"ಊರು ಸಿಗಲಿಲ್ಲಪ್ಪ" ಎಂದರು ಅತ್ತೆ. "ಅಕ್ಕ ಸಿಕ್ಕಿದಳು."

ಕನ್ನಡಕದವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ತಮ್ಮ ಅಂಗಡಿಯ ಗಾಜಿನ ಮೇಲಿದ್ದ ಮರದ ಫೋಟೋವನ್ನು ಒಮ್ಮೆ ನೋಡಿ ಒಳಗೆ ಹೋದರು. ಅತ್ತೆ ಆಗಲೇ ಇನ್ನೊಂದು ಕಾಗದ ತೆಗೆದುಕೊಂಡು, ಮೇಲುಗಡೆ ತಾರೀಕು ಹಾಕಿ, "ಅಕ್ಕನಿಗೆ" ಎಂದು ಬರೆಯಲು ಶುರು ಮಾಡಿದ್ದರು.